ಬೇಲಿಯೊಳಗಿನ ಬಾಜಿ

ನಮ್ಮ ಕಾನೂನಿಗೆ ಕುದುರೆಗಿಂತ ಬೇಲಿ ಮುಖ್ಯ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ತೆಗೆದು ನೋಡಿ. ಜೂಜು ಅಪರಾಧ, ಸರಿ. ಆದರೆ ಕುದುರೆ ಓಡುವ ದಿನವೇ, ಲೈಸೆನ್ಸ್ ಪಡೆದ ರೇಸ್ ಕೋರ್ಸಿನವರು ಅದಕ್ಕೆಂದೇ ಬಿಟ್ಟುಕೊಟ್ಟ ಆವರಣದೊಳಗೆ ನಿಂತು ಕಟ್ಟಿದ ಬಾಜಿ ಜೂಜಿನ ಲೆಕ್ಕಕ್ಕೆ ಬರುವುದಿಲ್ಲ. ಅದೇ ಕುದುರೆಯ ಮೇಲೆ ಅದೇ ನೂರು ರೂಪಾಯಿಯನ್ನು ಗೇಟಿನಾಚೆಯ ಟೀ ಅಂಗಡಿಯಲ್ಲಿ ಕಟ್ಟಿದರೆ ಪೊಲೀಸ್ ಸ್ಟೇಷನ್ ಹತ್ತಬೇಕಾಗುತ್ತದೆ. ಈಗ ಆ ಟೀ ಅಂಗಡಿ ಎಲ್ಲರ ಜೇಬಿನಲ್ಲೂ ಇದೆ. ಆನ್‌ಲೈನ್ ಬೆಟ್ಟಿಂಗಿಗೆ ಫೀಸು ಎಷ್ಟು, ಕಾವಲು ಯಾರದು ಎಂಬ ಇವತ್ತಿನ ಜಗಳವೆಲ್ಲ ಹುಟ್ಟಿದ್ದು ಅಲ್ಲಿಂದ.

ನಾನು ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು. ಕೆಲವು ವರ್ಷ ಬೆಂಗಳೂರು ರೇಸ್ ಕೋರ್ಸಿನಲ್ಲಿ ಬೆಟ್ಟಿಂಗ್ ಟ್ಯಾಕ್ಸ್ ಡ್ಯೂಟಿ ಬಿತ್ತು. ನಮ್ಮಮ್ಮ ಅಕ್ಕಪಕ್ಕದವರಿಗೆ 'ಮಗನಿಗೆ ಶನಿವಾರ ಭಾನುವಾರವೂ ಆಫೀಸು' ಎಂದಷ್ಟೇ ಹೇಳುತ್ತಿದ್ದಳು. ಎಲ್ಲಿ ಎಂದು ಹೇಳುತ್ತಿರಲಿಲ್ಲ. ಕುದುರೆ ಬಾಲಕ್ಕೆ ಮನೆ ಕಟ್ಟಿ ಹಾಳಾದವರು ನಮ್ಮ ಬೀದಿಯಲ್ಲೇ ಇದ್ದರು.

ಈ ತೆರಿಗೆ ಹೊಸದೇನಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1932ರಲ್ಲೇ, ಮೈಸೂರು ಸಂಸ್ಥಾನ ಬೆಟ್ಟಿಂಗ್ ಟ್ಯಾಕ್ಸ್ ಕಾಯ್ದೆ ಮಾಡಿತ್ತು. 1952ರಲ್ಲಿ ಬಂದದ್ದು ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯ್ದೆ: ಸರ್ಕಾರದ ಲೈಸೆನ್ಸ್ ಇಲ್ಲದೆ ರೇಸ್ ಓಡಿಸುವಂತಿಲ್ಲ, ಬಾಜಿಗೆ ವ್ಯವಸ್ಥೆ ಮಾಡುವಂತಿಲ್ಲ. ಬೊಂಬಾಯಿ ಪ್ರಾಂತ್ಯದಲ್ಲಿ 1912ರಿಂದಲೇ ಇಂಥದೊಂದು ಕಾಯ್ದೆ ಇತ್ತು. ಸಂವಿಧಾನವೂ ಜೂಜು, ಬಾಜಿ ಮತ್ತು ಅವುಗಳ ಮೇಲಿನ ತೆರಿಗೆಯನ್ನು ರಾಜ್ಯಗಳ ಪಟ್ಟಿಗೇ ಬಿಟ್ಟಿತು. 1962ರಲ್ಲಿ ಬೆಂಗಳೂರು ಟರ್ಫ್ ಕ್ಲಬ್ ಹುಟ್ಟುವ ಹೊತ್ತಿಗೆ ಲೈಸೆನ್ಸಿನ ಏಣಿ ಸಿದ್ಧವಾಗಿತ್ತು. ಸರ್ಕಾರ ಕ್ಲಬ್ಬಿಗೆ ಕೊಡುವುದು, ಕ್ಲಬ್ ಬುಕ್ಕಿಗೆ ಸ್ಟಾಲು ಕೊಡುವುದು, ಒಂದೊಂದು ಮೆಟ್ಟಿಲಲ್ಲೂ ಫೀಸು.

ಆವರಣದೊಳಗೆ ಬಾಜಿ ಕಟ್ಟಲು ಎರಡು ದಾರಿ. ಒಂದು ಟೋಟ್. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ ಜೋಸೆಫ್ ಓಲೆರ್ ಎಂಬಾತ ಕಂಡುಹಿಡಿದ ಲೆಕ್ಕ ಅದು. ಎಲ್ಲರ ದುಡ್ಡೂ ಒಂದೇ ಗಂಟಿಗೆ ಬೀಳುತ್ತದೆ. ಒಂದು ಲಕ್ಷ ಸೇರಿತು ಅನ್ನಿ. ತೆರಿಗೆ, ಕಮಿಷನ್ನು ಎಂದು ಇಪ್ಪತ್ತು ಸಾವಿರ ಮುರಿದುಕೊಂಡರೆ ಉಳಿದ ಎಂಬತ್ತು ಸಾವಿರವನ್ನು ಗೆದ್ದ ಕುದುರೆಯ ಟಿಕೆಟ್ ಇಟ್ಟವರು ಹಂಚಿಕೊಳ್ಳಬೇಕು. ಯಾವ ಕುದುರೆ ಗೆದ್ದರೂ ಕ್ಲಬ್ಬಿಗೆ ಬರುವುದು ಅಷ್ಟೇ. ಇನ್ನೊಂದು ದಾರಿ ಬುಕ್ಕಿ. ಅವನು ಭಾವ ಕೂಗುತ್ತಾನೆ, ಕೂಗಿದ ಭಾವಕ್ಕೆ ಕಟ್ಟುಬೀಳುತ್ತಾನೆ. ಜನ ಮುಗಿಬಿದ್ದ ಕುದುರೆ ಗೆದ್ದರೆ ಅವನ ಕೈ ಸುಡುತ್ತದೆ. ಆದ್ದರಿಂದ ಯಾವ ಕುದುರೆ ಸೋಲಬೇಕು ಎಂಬುದರಲ್ಲಿ ಅವನಿಗೆ ಆಸಕ್ತಿ ಇದ್ದೇ ಇರುತ್ತದೆ. ರೇಸಿನ ಶಿಸ್ತಿನ ನಿಯಮಗಳಲ್ಲಿ ಮುಕ್ಕಾಲು ಪಾಲು ಈ ಆಸಕ್ತಿಗೆ ಕಡಿವಾಣ ಹಾಕಲು ಬಂದವು ಎಂದೇ ನನ್ನ ಲೆಕ್ಕ.

ಆ ಕಡಿವಾಣವನ್ನು ಹತ್ತಿರದಿಂದ ನೋಡಬೇಕು. ಓಟ ಮುಗಿದ ಕೂಡಲೇ ಜಾಕಿ ಜೀನು ಬಿಚ್ಚಿ ತೋಳಿಗೇರಿಸಿಕೊಂಡು ತೂಕದ ಕೋಣೆಗೆ ಬರುತ್ತಾನೆ. ಮೈಯೆಲ್ಲ ಮಣ್ಣು, ಏದುಸಿರು. ಯಾರೊಂದಿಗೂ ಮಾತಿಲ್ಲ. ಜೀನಿನ ಸಮೇತ ತಕ್ಕಡಿಯ ಮೇಲೆ ಕೂರಬೇಕು. ಓಟಕ್ಕೆ ಮುಂಚೆ ಹೊತ್ತ ತೂಕ ಈಗಲೂ ಇರಬೇಕು. ಕಮ್ಮಿ ಬಿದ್ದರೆ ಗೆದ್ದ ಕುದುರೆಯೂ ಔಟು. ತೂಕ ಸರಿ ಎಂದ ಮೇಲೇ ಕೌಂಟರಿನಲ್ಲಿ ದುಡ್ಡು ಬಿಚ್ಚುವುದು. ಅದಕ್ಕೇ ಅನುಭವಸ್ಥರು ಸೋತ ಟಿಕೆಟ್ಟನ್ನೂ ಆಗಲೇ ಹರಿದು ಎಸೆಯುವುದಿಲ್ಲ. ಇನ್ನೊಬ್ಬ ಜಾಕಿ 'ಅಡ್ಡ ಬಂದ' ಎಂದು ಆಬ್ಜೆಕ್ಷನ್ ಹಾಕಿದರೆ ಸ್ಟೀವರ್ಡುಗಳು ವಿಡಿಯೋ ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ, ಫಲಿತಾಂಶವೇ ಮಗುಚಿಬೀಳಬಹುದು. ಬೇಕೆಂದೇ ಲಗಾಮು ಜಗ್ಗಿ ಕುದುರೆಯನ್ನು ಸೋಲಿಸಿದನೆಂದು ಕಂಡರೆ ಜಾಕಿಯ ಲೈಸೆನ್ಸಿಗೇ ಸಂಚಕಾರ. ಜಾಕಿಗೆ ತಾನೇ ಬಾಜಿ ಕಟ್ಟುವ ಹಕ್ಕಂತೂ ಇಲ್ಲ.

ನನಗೆ ಎಲ್ಲಕ್ಕಿಂತ ಮೋಜೆನಿಸುತ್ತಿದ್ದದ್ದು ಮದ್ದಿನ ಪರೀಕ್ಷೆ. ಗೆದ್ದ ಕುದುರೆಯನ್ನು ನೇರ ಒಂದು ಕೊಟ್ಟಿಗೆಗೆ ಒಯ್ಯುತ್ತಾರೆ. ಸೈಸ ಅದರ ಪಕ್ಕ ನಿಂತು ಮೆಲ್ಲಗೆ, ಒಂದೇ ಶ್ರುತಿಯಲ್ಲಿ ಸಿಳ್ಳೆ ಹಾಕುತ್ತಾನೆ. ಇನ್ನೊಬ್ಬ ಉದ್ದ ಹಿಡಿಯ ಪಾತ್ರೆ ಹಿಡಿದು ಕಾಯುತ್ತಾನೆ. ಲಕ್ಷಾಂತರ ರೂಪಾಯಿಯ ನಂಬಿಕೆ ಒಂದು ಸಿಳ್ಳೆಯ ಮೇಲೆ ನಿಂತಿರುತ್ತದೆ. ಕುದುರೆ ಕೃಪೆ ಮಾಡಿದ ಮೇಲೆ ಅದನ್ನು ಎರಡು ಬಾಟಲಿಗೆ ಹಂಚಿ, ಟ್ರೇನರ್ ಕಡೆಯವನ ಎದುರಿಗೇ ಸೀಲು ಹಾಕಿ, ಅವನ ರುಜು ಹಾಕಿಸಿ ಲ್ಯಾಬಿಗೆ ಕಳಿಸಬೇಕು. ಮೊದಲ ಬಾಟಲಿಯಲ್ಲಿ ಏನಾದರೂ ಸಿಕ್ಕಿ, ಟ್ರೇನರ್ ತಕರಾರು ತೆಗೆದರೆ ಎರಡನೆಯದನ್ನು ಒಡೆಯುತ್ತಾರೆ.

ನಮ್ಮ ಕೆಲಸ ಇಷ್ಟು ರಮ್ಯವಾಗಿರಲಿಲ್ಲ. ಬುಕ್ಕಿಯ ಪಕ್ಕ ಕೂತ ಪೆನ್ಸಿಲರ್ ಬರೆದ ಹಾಳೆಗೂ ಕೊಟ್ಟ ಟಿಕೆಟ್ಟಿಗೂ ತಾಳೆ ನೋಡುವುದು. ಬರೆದದ್ದಕ್ಕೆ ತೆರಿಗೆ, ಬಾಯಲ್ಲಿ ಹೇಳಿದ್ದಕ್ಕೆ ಇಲ್ಲ. ಆದ್ದರಿಂದ ಸಾವಿರದ ಬಾಜಿಗೆ ನೂರರ ಟಿಕೆಟ್ಟು. ಉಳಿದ ಒಂಬೈನೂರು ಕಣ್ಸನ್ನೆಯಲ್ಲಿ. ಗಿರಾಕಿಗೂ ಅದೇ ಬೇಕು, ತೆರಿಗೆ ಉಳಿಯಿತಲ್ಲ! ದರ ಏರಿಸಿದಾಗೆಲ್ಲ ಹಾಳೆ ತೆಳ್ಳಗಾಗುತ್ತಿತ್ತು, ಸ್ಟಾಲಿನ ಮುಂದಿನ ನೂಕುನುಗ್ಗಲು ಮಾತ್ರ ಹಾಗೇ ಇರುತ್ತಿತ್ತು. ಇದನ್ನು ಮೇಲಿನವರಿಗೆ ಬರೆದರೆ 'ನಿಗಾ ಹೆಚ್ಚಿಸಿ' ಎಂದು ಉತ್ತರ ಬರುತ್ತಿತ್ತು.

ರೇಸು ಜೂಜೇ ಅಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರ ಜನವರಿಯಲ್ಲಿ. ತಮಿಳುನಾಡು ಸರ್ಕಾರ ರೇಸನ್ನೇ ನಿಷೇಧಿಸಿ, ಮದ್ರಾಸ್ ರೇಸ್ ಕ್ಲಬ್ಬನ್ನು ವಶಕ್ಕೆ ತೆಗೆದುಕೊಳ್ಳಲು ಹೊರಟಿದ್ದ ಪ್ರಕರಣ ಅದು. ತೀರ್ಪು ಬಂದ ವಾರ ಬುಕ್ಕಿಗಳ ರಿಂಗಿನಲ್ಲಿ ಹಬ್ಬ. ತೆರಿಗೆ ಮಾತ್ರ ಹೋಗಲಿಲ್ಲ.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ರಾಜ್ಯದ ಬೆಟ್ಟಿಂಗ್ ಟ್ಯಾಕ್ಸಿನ ಜಾಗದಲ್ಲಿ ಶೇ. 28, ಅದೂ ಕಟ್ಟಿದ ಪೂರ್ತಿ ಮೊತ್ತದ ಮೇಲೆ. ನೂರು ರೂಪಾಯಿ ಬಾಜಿಯಲ್ಲಿ ಕ್ಲಬ್ಬಿಗೆ ಹತ್ತು ರೂಪಾಯಿ ಕಮಿಷನ್ ಸಿಗುತ್ತದೆ ಅಂದುಕೊಳ್ಳಿ. ಕಮಿಷನ್ನಿನ ಮೇಲೆ ತೆರಿಗೆ ಎಂದರೆ ಎರಡು ರೂಪಾಯಿ ಎಂಬತ್ತು ಪೈಸೆ; ಪೂರ್ತಿ ಮೊತ್ತದ ಮೇಲೆ ಎಂದರೆ ಇಪ್ಪತ್ತೆಂಟು ರೂಪಾಯಿ. ಟರ್ಫ್ ಕ್ಲಬ್ ಹೈಕೋರ್ಟಿಗೆ ಹೋಯಿತು. ಟೋಟ್ ಬರೀ ಮಧ್ಯವರ್ತಿ, ಕಮಿಷನ್ನಿಗೆ ಮಾತ್ರ ತೆರಿಗೆ ಎಂದು 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ ಹೇಳಿತು. ಆದರೆ 2023ರ ಅಕ್ಟೋಬರ್ 1ರಿಂದ ಕಾನೂನನ್ನೇ ತಿದ್ದಿ ಶೇ. 28ನ್ನು ಗಟ್ಟಿ ಮಾಡಿದರು.

ಇದೇ ತಕರಾರು ಹೊರದೇಶಗಳಲ್ಲೂ ನಡೆದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2008ರಲ್ಲಿ ಆನ್‌ಲೈನ್ ಕಂಪನಿಗಳಿಗೆ 'ನಮ್ಮ ರೇಸಿನ ಪಟ್ಟಿ ಬಳಸುತ್ತೀರಾ? ವಹಿವಾಟಿನ ಶೇ. 1.5 ಫೀಸು ಇಡಿ' ಎಂದಿತು. ತೆಳು ಕಮಿಷನ್ನಿನಲ್ಲಿ ಬದುಕುವ ಬೆಟ್‌ಫೇರ್ ಕಂಪನಿ, ಫೀಸನ್ನು ವಹಿವಾಟಿನ ಮೇಲೆ ಹಾಕಿದರೆ ನಮ್ಮ ಆದಾಯವೇ ಮುಳುಗುತ್ತದೆ ಎಂದು ಅಲ್ಲಿನ ಹೈಕೋರ್ಟಿನವರೆಗೂ ಹೋಗಿ 2012ರಲ್ಲಿ ಸೋತಿತು. ಬ್ರಿಟನ್ ಮಾತ್ರ ಉಲ್ಟಾ ಹೊಡೆಯಿತು. ದೊಡ್ಡ ಬುಕ್ಕಿಗಳು ಜಿಬ್ರಾಲ್ಟರಿಗೆ ಗಂಟುಮೂಟೆ ಕಟ್ಟಿದ್ದನ್ನು ನೋಡಿ 2001ರಲ್ಲಿ ಬಾಜಿಯ ಮೊತ್ತದ ಮೇಲಿನ ತೆರಿಗೆ ಬಿಟ್ಟು, ಬುಕ್ಕಿಯ ಒಟ್ಟು ಲಾಭದ ಮೇಲೆ ಶೇ. 15 ಹಾಕಿತು. 2017ರಿಂದ, ಬುಕ್ಕಿ ಯಾವ ದೇಶದಲ್ಲಿ ಕೂತಿದ್ದರೂ ಬ್ರಿಟನ್ನಿನ ಗಿರಾಕಿಯಿಂದ ಬಂದ ಲಾಭದಲ್ಲಿ ಶೇ. 10ನ್ನು ರೇಸಿನ ನಿಧಿಗೆ ಕೊಡಬೇಕು. ಮೊದಲ ಐದು ಲಕ್ಷ ಪೌಂಡಿಗೆ ವಿನಾಯಿತಿ. ಆ ನಿಧಿಯಿಂದಲೇ ರೇಸಿನ ಕಾವಲಿಗೂ ಮದ್ದಿನ ಪರೀಕ್ಷೆಗೂ ದುಡ್ಡು ಹೋಗುತ್ತದೆ.

ನನಗೆ ಬೇಕಾದ ಎಳೆ ಇರುವುದು ಇಲ್ಲೇ. ಫೀಸು ಎಷ್ಟು ಎಂಬುದಕ್ಕಿಂತ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೇಳಬೇಕು. ಎಲ್ಲೋ ದೂರದ ದ್ವೀಪದಲ್ಲಿ ಸರ್ವರ್ ಇಟ್ಟುಕೊಂಡವನು ಬೆಂಗಳೂರಿನ ರೇಸಿನ ಮೇಲೆ ಬಾಜಿ ತೆಗೆದುಕೊಂಡರೆ ಇಲ್ಲಿನ ಸೈಸನ ಸಂಬಳಕ್ಕೂ ಲ್ಯಾಬಿನ ಖರ್ಚಿಗೂ ಒಂದು ಪೈಸೆ ಕೊಡುವುದಿಲ್ಲ. ಅವನ ಹಾಳೆಯಲ್ಲಿ ಯಾರು ಯಾವ ಕುದುರೆ ಸೋಲುತ್ತದೆಂದು ಲಕ್ಷ ಕಟ್ಟಿದರು ಎಂಬುದು ನಮ್ಮ ಸ್ಟೀವರ್ಡಿಗೆ ಕಾಣುವುದೂ ಇಲ್ಲ. ಬೇಲಿಯೊಳಗಿದ್ದಾಗ ಕನಿಷ್ಠ ಬುಕ್ಕಿಯ ಮುಖವಾದರೂ ಕಾಣುತ್ತಿತ್ತು.

ನಮ್ಮ ರಾಜ್ಯ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗಲೂ ರೇಸಿಗೆ ವಿನಾಯಿತಿ ಇತ್ತು, ಅದೇ ಹಳೆಯ ಆವರಣದ ಷರತ್ತಿನೊಂದಿಗೆ. ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2024ರ ಜನವರಿಯಲ್ಲಿ ಸಿಸಿಬಿ ಪೊಲೀಸರು ತೆರಿಗೆ ವಂಚನೆಯ ಆರೋಪದ ಮೇಲೆ ಬುಕ್ಕಿಗಳ ಸ್ಟಾಲುಗಳಿಗೆ ನುಗ್ಗಿ ಮೂರು ಕೋಟಿಗೂ ಹೆಚ್ಚು ನಗದು ಹಿಡಿದರು. ಆ ಬೇಸಿಗೆಯ ರೇಸಿಗೆ ಸರ್ಕಾರ ಲೈಸೆನ್ಸ್ ನಿರಾಕರಿಸಿತು. ಜೂನ್‌ನಲ್ಲಿ ಏಕಸದಸ್ಯ ಪೀಠ ಓಡಿಸಿ ಎಂದಿತು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ತಡೆಯಿತು. ಕುದುರೆಗಳು ಲಾಯದಲ್ಲೇ ಹುಲ್ಲು ತಿಂದವು.

2025ರ ಸೆಪ್ಟೆಂಬರ್ 22ರಿಂದ ಬಾಜಿಯ ಮೇಲಿನ ಜಿಎಸ್‌ಟಿ ದರ ಶೇ. 40. ಹಾಳೆ ಈಗ ಎಷ್ಟು ತೆಳ್ಳಗಾಗಿರಬಹುದು ಎಂದು ಊಹಿಸಲು ನನಗೆ ರೇಸ್ ಕೋರ್ಸಿಗೆ ಹೋಗಬೇಕಾಗಿಲ್ಲ.