ಒಂದು ಶಿಲಿಂಗಿಗೆ ಎಂಟು ಸಿಪಾಯಿಗೋಳು

ಟೇಬಲ್ ಮ್ಯಾಲೆ ಬೊಟ್ಟಿನಷ್ಟು ಎತ್ತರದ ಸಿಪಾಯಿ ಬೊಂಬಿಗೋಳನ್ನ ನಿಲ್ಲಿಸಿ, ಅಳತಿ ಪಟ್ಟಿ ಹಿಡಕೊಂಡು, ದಾಳ ಒಗದು ಯುದ್ಧ ಆಡೋ ಒಂದು ಆಟ ಅದ. ಮಿನಿಯೇಚರ್ ವಾರ್‌ಗೇಮ್ ಅಂತಾರ ಅದಕ್ಕ. ಬೊಂಬಿ ನಾವ ತರಬೇಕು, ನಾವ ಜೋಡಸಬೇಕು, ನಾವ ಬಣ್ಣಾ ಬಳೀಬೇಕು. ಅದಕ್ಕ ಈ ಆಟಕ್ಕ ಹೊಸದಾಗಿ ಬಂದವರು ಕೇಳೋ ಮೊದಲನೇ ಪ್ರಶ್ನಿ ಯಾವಾಗಲೂ ಒಂದ: ಮೊದಲನೇ ಸೈನ್ಯ ಹೆಂಗ ಕಟ್ಟೋದು? ಯಾವ ದೇಶದ್ದು, ಯಾವ ಕಾಲದ್ದು, ಎಷ್ಟು ಕಾಲಾಳು, ಎಷ್ಟು ಕುದರಿ ಅಂತ ತಾಸುಗಟ್ಟಲೆ ಮಾತಾಡತಾರ. ಎಷ್ಟು ರೊಕ್ಕ ಅನ್ನೋದು ಮಾತ್ರ ಕಡೀಕ ಬರತದ. ಇದರ ಇತಿಹಾಸ ನೋಡಿದ್ರ ಅದ ಮೊದಲು ಬರಬೇಕಾಗಿತ್ತು. ಯಾಕಂದ್ರ ಯಾರ ಮನ್ಯಾಗ ಸೈನ್ಯ ನಿಂತೀತು, ಯಾರ ಮನ್ಯಾಗ ನಿಲ್ಲಲಿಕ್ಕಿಲ್ಲ ಅನ್ನೋದನ್ನ ಠರಾಯಿಸಿದ್ದು ಸೇನಾಪತಿಗಳಲ್ಲ, ತವರ, ಸೀಸ ಮತ್ತ ಪ್ಲಾಸ್ಟಿಕ್ಕು.

ಮೂಲ ನಮ್ಮ ಕಡೀದ ಅನ್ನಬೇಕು. ಆನಿ, ಕುದರಿ, ರಥ, ಕಾಲಾಳು ಅಂತ ನಾಕು ಅಂಗದ ಸೈನ್ಯದ ಚತುರಂಗ ಇಲ್ಲಿಂದ ಪರ್ಶಿಯಾಕ್ಕ, ಅಲ್ಲಿಂದ ಅರಬರ ಕೈಯಾಗ ಯುರೋಪಿಗೆ ಹೋತು. 1780ರಾಗ ಜರ್ಮನಿಯ ಬ್ರನ್ಸ್‌ವಿಕ್ಕಿನ ಹೆಲ್ವಿಗ್ ಅನ್ನೋ ಮಾಸ್ತರ ಚದುರಂಗದ 64 ಮನಿಯನ್ನ ಸಾವಿರದ ಮ್ಯಾಲೆ ಮಾಡಿ, ಒಂದೊಂದಕ್ಕ ಒಂದೊಂದು ಬಣ್ಣಾ ಕೊಟ್ಟು, ಇದು ಗುಡ್ಡಾ, ಇದು ನೀರು, ಇದು ಕಾಡು ಅಂತ ಹೊಸಾ ಆಟ ಕಟ್ಟಿದ.

ಖರೇ ಕತಿ ಶುರು ಆಗೋದು ಪ್ರಷ್ಯಾದಾಗ. 1806ರಾಗ ನೆಪೋಲಿಯನ್ ಕಡಿಂದ ಭಾಳ ಕೆಟ್ಟ ಪೆಟ್ಟು ತಿಂದಿದ್ದ ರಾಜ್ಯ ಅದು. ಬ್ರೆಸ್ಲಾವ್ ಊರಿನ ರೈಸ್‌ವಿಟ್ಸ್ ಅನ್ನೋ ಸರ್ಕಾರಿ ಅಧಿಕಾರಿ, ಸಿಪಾಯಿ ಅಲ್ಲ ಮತ್ತ, ಉಸುಕಿನ್ಯಾಗ ಗುಡ್ಡಾ ಹಳ್ಳಾ ಮಾಡಿ ಅದರ ಮ್ಯಾಲೆ ಸಣ್ಣ ಕಟ್ಟಿಗಿ ತುಂಡು ಸರಿಸಿ ಯುದ್ಧ ಆಡತಿದ್ದ. ಸುದ್ದಿ ರಾಜಕುಮಾರರಿಗೆ ಮುಟ್ಟಿತು, ಅವರಿಂದ ರಾಜಾ ಮೂರನೇ ಫ್ರೆಡರಿಕ್ ವಿಲ್ಹೆಲ್ಮಗ ಮುಟ್ಟಿತು. ರಾಜಾ ನೋಡಬೇಕು ಅಂದ. ಈ ಮನಷ್ಯಾಗ ನಾಚಿಕಿ ಬಂತು. ರಾಜನ ಮುಂದ ಮಣ್ಣು ಉಸುಕು ಇಡೋದು ಹೆಂಗ? ಸ್ವಲ್ಪ ವ್ಯಾಳ್ಯಾ ಕೇಳಿಕೊಂಡು, 1812ರಾಗ ಆರು ಅಡಿ ಚೌಕದ ಒಂದು ಕಪಾಟಿನಂಥಾ ಟೇಬಲ್ ಮಾಡಿಸಿಕೊಂಡು ಹೋದ. ಮ್ಯಾಲೆ ಬಣ್ಣಾ ಹಚ್ಚಿದ ಗಿಲಾವಿನ ಫರಸಿಗಳು. ಬೇಕಾದಂಗ ಜೋಡಿಸಿದ್ರ ಬೇಕಾದ ಊರು, ನದಿ, ದಾರಿ. ಕೆಳಗ ಖಾನೆಗಳು, ಎಲ್ಲಾ ಸಾಮಾನು ಒಳಗ. ಈ ಟೇಬಲ್ ಇನ್ನೂ ಬರ್ಲಿನ್ನಿನ ಶಾರ್ಲೊಟೆನ್‌ಬರ್ಗ್ ಅರಮನ್ಯಾಗ ಅದ. ಹಂಗ ನೋಡಿದ್ರ ಉಸುಕಿನ ಆಟ ಯಾವ ಬಡವನೂ ಆಡಬಹುದಿತ್ತು. ಟೇಬಲ್ ಆದ ಮ್ಯಾಲೆ ಅದು ರಾಜರ ಆಟ ಆತು.

ಅವನ ಮಗ ಸೈನ್ಯದಾಗ ಲೆಫ್ಟಿನೆಂಟ್. ಅವ 1824ರಾಗ ಟೇಬಲ್ ತಗದು ನಕಾಶೆ ತಂದ, ದಾಳ ತಂದ, ನಡುವ ನ್ಯಾಯ ಹೇಳಲಿಕ್ಕೆ ಒಬ್ಬ ಪಂಚನ್ನ ಕೂಡಿಸಿದ. ಸೇನಾ ಮುಖ್ಯಸ್ಥ ಮುಫ್ಲಿಂಗ್ ನೋಡಿ, ಇದು ಆಟ ಅಲ್ಲ, ಯುದ್ಧದ ಸಾಲಿ ಅಂದ ಅಂತ ಹೇಳತಾರ. ರೆಜಿಮೆಂಟಿಗೆಲ್ಲಾ ಆಟ ಹೋತು, ಅಧಿಕಾರಿಗಳು ಕಲಿತ್ರು. ಮಗ ಮಾತ್ರ 1827ರಾಗ ತನ್ನ ಜೀವಾ ತಾನ ಕಳಕೊಂಡ. ಅಪ್ಪನ ಆಟದಿಂದ ಒಂದು ದೇಶದ ಸೈನ್ಯ ತಯಾರಾತು, ಕಲಿಸಿದ ಹುಡುಗ ಉಳೀಲಿಲ್ಲ.

ಇದು ಅಧಿಕಾರಿಗಳ ಮಾತಾತು. ಮಕ್ಕಳ ಸೈನ್ಯ ಬ್ಯಾರೆ ದಾರ್ಯಾಗ ಬಂತು. ಜರ್ಮನಿಯ ನ್ಯೂರೆಂಬರ್ಗಿನ್ಯಾಗ 1770ರ ದಶಕದಿಂದ ಹಿಲ್ಪರ್ಟ್ ಮನೆತನದವರು ಕಲ್ಲಿನ ಅಚ್ಚು ಕೆತ್ತಿ ತವರದ ಸಿಪಾಯಿ ಎರಕಾ ಹೊಯ್ಯತಿದ್ರು. ಹಪ್ಪಳದಂಗ ಚಪ್ಪಟಿ, ಒಂದು ಕಡಿಂದ ನೋಡಿದ್ರ ಮನಷ್ಯಾ, ಅಡ್ಡ ಹಿಡದ್ರ ಗೆರಿ. ಮುಂದ ಜರ್ಮನಿಯವರು ಗುಂಡಗಿನ ಗಟ್ಟಿ ಬೊಂಬಿನೂ ಮಾಡಿ ಇಡೀ ಯುರೋಪಿಗೆ ಮಾರಿದ್ರು. ಛಂದ ಇದ್ದವು, ಭಾರ ಇದ್ದವು, ತುಟ್ಟಿನೂ ಇದ್ದವು.

1893ರಾಗ ಲಂಡನ್ನಿನ ವಿಲಿಯಂ ಬ್ರಿಟನ್ ಅನ್ನೋ ಆಟಗಿ ಸಾಮಾನಿನ ಮನೆತನದವ ಒಂದು ಯುಕ್ತಿ ಮಾಡಿದ. ಕಾಯಿಸಿದ ಸೀಸದ ರಸ ಅಚ್ಚಿನ್ಯಾಗ ಸುರುವೋದು, ಅಂಚಿಗೆ ಹತ್ತಿಕೊಂಡದ್ದು ಗಟ್ಟಿ ಆಗೋದಕ್ಕ, ನಡುವಿನ ರಸ ತಿರಗಿ ಹೊರಗ ಚೆಲ್ಲೋದು. ಬೆಲ್ಲದ ಪಾಕ ಬಟ್ಟಲದಾಗ ಹೊಳ್ಳಿಸಿ ಸುರುವಿದ್ರ ಸುತ್ತಲೂ ಒಂದು ಪದರ ಉಳೀತದಲ್ಲಾ, ಹಂಗ. ಸಿಪಾಯಿ ಒಳಗ ಪೊಳ್ಳು. ಸೀಸ ಉಳೀತು, ಭಾರ ಇಳೀತು, ರೇಟೂ ಇಳೀತು. 54 ಮಿಲಿಮೀಟರ್ ಎತ್ತರ. ಕೆಂಪು ಡಬ್ಬಿ ಒಂದಕ್ಕ ಎಂಟು ಕಾಲಾಳು ಇಲ್ಲಾ ಐದು ಕುದರಿ ಸವಾರರು, ಒಂದು ಶಿಲಿಂಗು. ಕೆಲವು ವರ್ಷದಾಗ ಜರ್ಮನಿ ಬೊಂಬಿಗೆ ಇಂಗ್ಲಂಡಿನ್ಯಾಗ ಗಿರಾಕಿ ಕಡಿಮಿ ಆದ್ರು. ಬಂಗಾಳದ ಭಾಲೆ ಸವಾರರ ಡಬ್ಬಿ ಸುದ್ಧಾ ಬಂತು. ನಮ್ಮ ದೇಶದ ಸಿಪಾಯಿ ಪಗಡಿ ಸುತ್ತಿಕೊಂಡು ಲಂಡನ್ ಅಂಗಡ್ಯಾಗ ಸಾಲಾಗಿ ನಿಂತ. ಆ ಪಗಡಿಗೆ, ಅಂಗಿ ಗುಂಡಿಗೆ, ಕಣ್ಣಿನ ಚುಕ್ಕಿಗೆ ಕೈಲೆ ಬಣ್ಣಾ ಹಚ್ಚಿದವರು ಕಾರಖಾನಿ ಹೆಣ್ಣಮಕ್ಕಳು. ಅವರ ಹೆಸರು ಯಾವ ಡಬ್ಬಿ ಮ್ಯಾಲೂ ಇಲ್ಲ.

ಇನ್ನ ಎಚ್. ಜಿ. ವೆಲ್ಸ್ ಮಾತು. ಮಂಗಳ ಗ್ರಹದವರ ಕಾದಂಬರಿ ಬರದವ. ಅವನ ತಾಯಿ ದೊಡ್ಡ ಮನಿಯೊಳಗ ಮನಿವಾರ್ತಿ ನೋಡಿಕೊಳ್ಳೋಕಿ, ತಂದಿ ನಡೀಲಾರದ ಅಂಗಡಿಯವ. ಬಡತನ ಉಂಡು ಬೆಳದವ. ಮುಂದ ಹೆಸರು ಬಂತು, ರೊಕ್ಕ ಬಂತು, ಎರಡು ಗಂಡಸಮಕ್ಕಳಾದ್ವು. ಒಂದಿನಾ ಊಟಾ ಆದ ಮ್ಯಾಲೆ ಮನಿಗೆ ಬಂದಿದ್ದ ಗೆಳೆಯ, ಹಾಸ್ಯ ಬರಿಯೋ ಜೆರೋಮ್ ಕೆ. ಜೆರೋಮ್, ಬ್ರಿಟನ್ ಕಂಪನಿ ಸ್ಪ್ರಿಂಗಿನ ತೋಫು ಹಿಡದು ಸಿಪಾಯಿಗೆ ಗುರಿ ಇಟ್ಟು ಹೊಡೀಲಿಕ್ಕೆ ಹತ್ತಿದ. ಇಷ್ಟ ಸಾಕಾತು. ದೊಡ್ಡ ಗಂಡಸೂರು ನೆಲದ ಮ್ಯಾಲೆ ಬೋರಲ ಬಿದ್ದು ನಿಯಮ ಮಾಡಿದ್ರು. ಕಾಲಾಳು ಒಂದು ಅಡಿ ಸರೀಬೇಕು, ಕುದರಿ ಎರಡು ಅಡಿ. ತೋಫಿನ ಬಾಜೂಕ ನಾಕು ಮಂದಿ ಇದ್ರ ಮಾತ್ರ ಅದು ಹಾರತದ. ಸೈನ್ಯ ಹೂಡೋವಾಗ ಒಬ್ಬರದೊಬ್ಬರಿಗೆ ಕಾಣಬಾರದು ಅಂತ ನಡುವ ಪಡದೆ. ಆ ಪಡದೆ ಯಾವ ಖೋಲಿ ಕಿಡಕಿದು ಅಂತ ಪುಸ್ತಕದಾಗ ಬರದಿಲ್ಲ, ಆದ್ರ ಮನಿ ನಡಸೋರಿಗೆ ಆ ಪ್ರಶ್ನಿ ಬರತದ ನೋಡ್ರಿ. 1913ರಾಗ ಇದೆಲ್ಲಾ "ಲಿಟಲ್ ವಾರ್ಸ್" ಅಂತ ಪುಸ್ತಕ ಆತು. ಗಂಡಹುಡುಗರ ಆಟಾ ಮೆಚ್ಚೋ ಶ್ಯಾಣ್ಯಾ ಹುಡಿಗ್ಯಾರಿಗೂ ಅಂತ ಹೆಸರಿನ ಕೆಳಗ ಬರದಾನ. ದೊಡ್ಡ ಮನಸ್ಸು!

ಅದ 1913ರಾಗ ಲಂಡನ್ನಿನ್ಯಾಗ ಇನ್ನೊಂದು ಪುಸ್ತಕ ಬಂತು, ಮಾಡ್ ಪೆಂಬರ್ ರೀವ್ಸ್ ಬರದದ್ದು. ಲ್ಯಾಂಬೆತ್ ಅನ್ನೋ ಬಡವರ ಓಣಿಯೊಳಗ ಫೇಬಿಯನ್ ಮಹಿಳಾ ಮಂಡಳದವರು ಮನಿ ಮನಿಗೆ ಹೋಗಿ, ಅಲ್ಲಿ ಹೆಣ್ಣಮಕ್ಕಳ ಕಡಿಂದ ವಾರದ ಖರ್ಚಿನ ಲೆಕ್ಕ ಬರಸಿದ್ರು. ವಾರಕ್ಕ ಸುಮಾರು ಒಂದು ಪೌಂಡ್, ಅಂದ್ರ 20 ಶಿಲಿಂಗ್. ಅದರಾಗ ಬಾಡಿಗಿ, ಕಲ್ಲಿದ್ದಲಿ, ಬ್ರೆಡ್ಡು, ಮತ್ತ ಮಕ್ಕಳು ಸತ್ರ ಮಣ್ಣು ಮಾಡಲಿಕ್ಕೆ ಅಂತ ವಿಮಾದ ಪೆನ್ನಿಗಳು. ಈ ಎರಡೂ ಪುಸ್ತಕ ಬಾಜೂಕ ಇಟ್ಟು ನಾ ಒಂದು ಲೆಕ್ಕ ಹಾಕಿದೆ. ಒಂದು ಕಡಿಗೆ ನೂರು ಕಾಲಾಳು ಬೇಕಂದ್ರ 13 ಡಬ್ಬಿ. ಎರಡೂ ಕಡಿಗೆ 26 ಡಬ್ಬಿ, 26 ಶಿಲಿಂಗ್. ಲ್ಯಾಂಬೆತ್ತಿನ ಇಡೀ ಮನಿ ಒಂದು ವಾರ ತಿಂದು, ಉಟ್ಟು, ಬಾಡಿಗಿ ಕಟ್ಟಿದ್ದಕ್ಕಿಂತ ಹೆಚ್ಚು. ಎಂಟು ಸಿಪಾಯಿ ಒಂದು ಶಿಲಿಂಗಿಗೆ ಅಂದ್ರ ಸೋವಿ ಅಂತ ಅನಸತದ. ಆ ಓಣ್ಯಾಗ ಅದು ವಾರದ ಪಗಾರದ ಇಪ್ಪತ್ತರಾಗ ಒಂದು ಪಾಲು.

ವೆಲ್ಸ್ ತನ್ನ ಪುಸ್ತಕದ ಕಡೀಕ ಹೇಳೋದು, ಹಿಂಗ ಮನ್ಯಾಗ ಆಡಿ ನೋಡಿದ್ರ ದೊಡ್ಡ ಯುದ್ಧ ಎಂಥಾ ಹುಚ್ಚು ಅನ್ನೋದು ಸೇನಾಪತಿಗಳಿಗೂ ತಿಳದೀತು ಅಂತ. ಮುಂದಿನ ವರ್ಷ ದೊಡ್ಡ ಯುದ್ಧ ಬಂತು. ಯುದ್ಧಕ್ಕ ಯುದ್ಧಾನ ಮುಗಸೋ ಯುದ್ಧ ಇದು ಅಂತ ವೆಲ್ಸನ ಬರದ. 1893ರಾಗ ಮೊದಲನೇ ಕೆಂಪು ಡಬ್ಬಿ ತಗಸಿಕೊಂಡ ಎಂಟು ವರ್ಷದ ಹುಡುಗಗ 1914ರಾಗ 29 ವಯಸ್ಸು. ಬೆಳಗಾವ್ಯಾಗ ಬೆಳದ ನಾವು ಮುಂಜಾನೆ ಮರಾಠಾ ರೆಜಿಮೆಂಟಿನ ಹುಡುಗೂರು ಓಡೋದು ನೋಡಿಕೋತ ಬೆಳದವರು, ಅವರ ತಾಯಂದಿರನ್ನೂ ನೋಡೇವಿ. ಬೊಂಬಿ ಆಡಿದ್ದಕ್ಕ ಯುದ್ಧ ಆತು ಅಂತ ನಾ ಹೇಳಂಗಿಲ್ಲ, ಹಂಗ ಹೇಳೋದು ಸುಳ್ಳು. ಆದ್ರ ಬೊಂಬಿ ಆಡಿದ್ರ ಯುದ್ಧ ತಪ್ಪತದ ಅನ್ನೋದೂ ಅಷ್ಟ ಸುಳ್ಳು. ಪ್ರಷ್ಯಾದವರೂ ಆಡಿದ್ರಲ್ಲಾ, ಅವರು ಆಡಿದ್ದು ಗೆಲ್ಲೋ ಸಲುವಾಗಿ. ಯುದ್ಧ ಮುಗದ ಮ್ಯಾಲೆ 1920ರ ದಶಕದಾಗ ತಾಯಿ-ತಂದಿಗೆ ಸಿಪಾಯಿ ಸಾಕಾಗಿದ್ರು. ಬ್ರಿಟನ್ ಕಂಪನಿ ಆಕಳ, ಕೋಳಿ, ರೈತಾ, ರೈತನ ಹೆಂಡತಿ ಮಾಡಿ ಮಾರಿತು. ಭಾಳ ಖರ್ಚಾದ್ವು.

ಬಡವರ ಮನಿಗೆ ಸೈನ್ಯ ಬಂದದ್ದು 1959ರಾಗ, ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಡಬ್ಬಿಯೊಳಗ. ಇಂಚಿಗಿಂತ ಕಡಿಮಿ ಎತ್ತರದ, ಬಗ್ಗೋ ಅಂಥಾ ಬೊಂಬಿಗೋಳು, ಡಬ್ಬಿಗೆ ಹತ್ತಿರ ಹತ್ತಿರ ಐವತ್ತು. ಹುಡುಗರು ತಮ್ಮ ಕೈಖರ್ಚಿನ್ಯಾಗ ತಾವ ತರೋ ಅಷ್ಟು ಸೋವಿ. ಅಮೆರಿಕಾದ ಅಂತರ್ಯುದ್ಧದ ಡಬ್ಬಿ ತಂದು ನೀಲಿ ಕೋಟು ಬಳದ್ರ ಉತ್ತರದವ, ಬೂದಿ ಕೋಟು ಬಳದ್ರ ದಕ್ಷಿಣದವ. ಮೊದಲನೇ ಸೈನ್ಯ ಎಷ್ಟೋ ಮಂದೀದು ಹಿಂಗ ಕಟ್ಟಿತು. ಒಂದ ಕಾಟ: ಆ ಮೆತ್ತನ್ನ ಪ್ಲಾಸ್ಟಿಕ್ಕಿಗೆ ಬಣ್ಣಾ ಹತ್ತಂಗಿಲ್ಲ, ಉದರತದ. ಸಾಬೂನು ನೀರಿನ್ಯಾಗ ತೊಳದು, ಒಣಗಿಸಿ, ಆಮ್ಯಾಲೆ ಬಳೀಬೇಕು.

1962ರಾಗ ಡೊನಾಲ್ಡ್ ಫೆದರ್‌ಸ್ಟೋನ್ "ವಾರ್ ಗೇಮ್ಸ್" ಪುಸ್ತಕ ಬರದ. ಸೌತಾಂಪ್ಟನ್ನಿನ್ಯಾಗ ಫಿಜಿಯೋಥೆರಪಿ ಮಾಡತಿದ್ದ ಮನಷ್ಯಾ. ಎರಡನೇ ಮಹಾಯುದ್ಧದಾಗ ಟ್ಯಾಂಕ್ ರೆಜಿಮೆಂಟಿನ್ಯಾಗ ಇದ್ದವ. ಖರೇ ಯುದ್ಧ ಕಂಡ ಮ್ಯಾಲೂ ಟೇಬಲ್ ಮ್ಯಾಲೆ ಬೊಂಬಿ ಹೂಡಿ ಕೂತ. ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಜ್ಯಾಕ್ ಸ್ಕ್ರೂಬಿ ಅನ್ನೋವ 1950ರ ದಶಕದಾಗ ಸಿಪಾಯಿ ಎರಕಾ ಹೊಯ್ದು ಟಪಾಲಿನ್ಯಾಗ ಕಳಸತಿದ್ದ. ಬ್ರಿಟನ್ ಕಂಪನಿಯವರು 1966ರಾಗ ಸೀಸ ಬಿಟ್ಟರು, ಮಕ್ಕಳು ಬಾಯಾಗ ಹಾಕೋ ಸಾಮಾನಿಗೆ ಸೀಸ ವಿಷ ಅಂತ ಕಾಯ್ದೆ ಬಂತು. ಎಪ್ಪತ್ತು ವರ್ಷದ ಮ್ಯಾಲೆ!

ಆಮ್ಯಾಲೆ ಗಾಡಿ ಹೊಳ್ಳಿತು. 1983ರಾಗ ಇಂಗ್ಲಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯವರು "ವಾರ್‌ಹ್ಯಾಮರ್" ತಂದ್ರು. ಅದರಾಗ ರಾಕ್ಷಸರು, ಕುಬ್ಜರು. ಇತಿಹಾಸದ ಸಿಪಾಯಿ ಆದ್ರ ಯಾರ ಬೊಂಬಿನಾದ್ರೂ ನಡೀತದ, ಕಲ್ಪನಾದ ರಾಕ್ಷಸ ಆದ್ರ ಅದನ್ನ ಕಲ್ಪಿಸಿದವನ ಅಂಗಡಿಗೇ ಹೋಗಬೇಕು. ಬೊಂಬಿ ಮಾರಲಿಕ್ಕ ಆಟ ಬರದದ್ದು ಇದು, ಅವರೂ ಮುಚ್ಚಿಟ್ಟಿಲ್ಲ. 1987ರಾಗ ಮುಂದಿನ ಸಾವಿರಾರು ವರ್ಷದ ಯುದ್ಧದ ಆಟ ಬಂತು, ಜೋಡಿಗೆ 30 ಪ್ಲಾಸ್ಟಿಕ್ ಸಿಪಾಯಿಯ ಡಬ್ಬಿ, 9.99 ಪೌಂಡಿಗೆ. ಈಗ ಹತ್ತು ಬೊಂಬಿಗೆ 30 ಪೌಂಡಿನ ಮ್ಯಾಲೆ ತಗೊಳ್ಳೋ ಡಬ್ಬಿ ಸಾಮಾನ್ಯ. ಅವತ್ತಿನ ರೊಕ್ಕ ಬ್ಯಾರೆ ಇವತ್ತಿಂದು ಬ್ಯಾರೆ, ಖರೆ. ಮತ್ತ ಈಗಿನ ಬೊಂಬಿ ಕಣ್ಣಿನ ರೆಪ್ಪಿ ಕಾಣೋ ಅಷ್ಟು ನಾಜೂಕು. ಆದ್ರೂ ಒಂದೊಂದು ಬೊಂಬಿಗೆ ಇಂತಿಷ್ಟು ಅಂಕ, ಎರಡು ಸಾವಿರ ಅಂಕದ ಸೈನ್ಯ ಇದ್ರ ಪೂರಾ ಆಟ ಅಂದ್ರ, ಹುಡುಗರ ಕೈಖರ್ಚಿನ್ಯಾಗ ಅದು ಆಗೋ ಮಾತಲ್ಲ.

ನಮ್ಮ ಅಕ್ಕನ ಮಗಗ ಇದರ ಹುಚ್ಚು ಅದ, ಅವನ ಕೈಯಾಗಿನ ಕೆಲಸಾ ನೋಡೇನಿ. ಮೊದಲನೇ ಸೈನ್ಯ ಮುಗಸಬೇಕಂದ್ರ ಒಂದು ಡಬ್ಬಿ ಮುಗಿಯೋ ತನಕಾ ಎರಡನೇದು ತರಬಾರದು. ಹತ್ತೂ ಬೊಂಬಿ ಸಾಲಾಗಿ ಇಟಗೊಂಡು ಹತ್ತಕ್ಕೂ ಮೊದಲು ಬೂಟು, ಆಮ್ಯಾಲೆ ಕೋಟು, ಕಡೀಕ ಮುಖ. ಶೇಂಗಾ ಹೋಳಿಗಿ ಮಾಡೋವಾಗ ಎಲ್ಲಾ ಹೂರಣದ ಉಂಡಿ ಮೊದಲು ಕಟ್ಟಿ ಇಟ್ಟಂಗ. ಒಂದೊಂದ ಪೂರಾ ಮಾಡಲಿಕ್ಕೆ ಹೋದವರ ಕಪಾಟಿನ್ಯಾಗ ಬಣ್ಣಾ ಕಾಣದ ಪ್ಲಾಸ್ಟಿಕ್ಕಿನ ರಾಶಿ ವರ್ಷಾನುಗಟ್ಟಲೆ ಬಿದ್ದಿರತದ.

ಈಗ ಕೆಲವರು ರೆಸಿನ್ ಅನ್ನೋ ದ್ರವದಿಂದ ಮನ್ಯಾಗ ಯಂತ್ರದಾಗ ಬೊಂಬಿ ಪ್ರಿಂಟ್ ಮಾಡಿಕೊಳ್ಳತಾರ. ಯಂತ್ರದ ಖರ್ಚು ಒಂದು ಸಲಾ, ಆಮ್ಯಾಲೆ ಸೋವಿ. ಆದ್ರ ಆ ದ್ರವ ಗಟ್ಟಿ ಆಗೋ ತನಕಾ ಮೈಗೆ ಹತ್ತಬಾರದು, ತುರಿಕಿ, ಉರಿ. ಕೈಗೆ ಕೈಚೀಲಾ ಬೇಕು, ಕಿಡಕಿ ತಗದಿಡಬೇಕು. ಅಡಗಿ ಮನ್ಯಾಗಂತೂ ಆ ಯಂತ್ರ ಇಡಗೊಡಬ್ಯಾಡ್ರಿ.