ಸೌದೆಯ ಹೊರೆ ಮತ್ತು ದಾಸೋಹದ ಒಲೆ

ಶಿವಶರಣರ ಕಾಯಕಗಳನ್ನು ಹೇಳೆಂದು ವಿದ್ಯಾರ್ಥಿಗಳನ್ನು ಕೇಳಿದರೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಮೊದಲು ಉತ್ತರ ಬರುತ್ತದೆ. ಮೋಳಿಗೆಯ ಮಾರಯ್ಯನವರ ಹೆಸರು ಬರುವುದು ಆಮೇಲೆ. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು, ಪತ್ನಿ ಮಹಾದೇವಿಯಮ್ಮನವರೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆ ತಂದು ಮಾರಿ, ಬಂದ ಹಣದಿಂದ ಜಂಗಮ ದಾಸೋಹ ನಡೆಸಿದವರು ಅವರೆಂದು ಪರಂಪರೆ ಹೇಳುತ್ತದೆ. ಅರಸುತನದ ಕಥೆಯನ್ನು ಇತಿಹಾಸಕಾರರು ಒಪ್ಪಲಿ, ಬಿಡಲಿ. ‘ನಿಃಕಳಂಕ ಮಲ್ಲಿಕಾರ್ಜುನ’ ಅಂಕಿತದ ವಚನರಾಶಿ ನಮ್ಮ ಮುಂದಿದೆ, ಕಟ್ಟಿಗೆಯ ಕಾಯಕವೂ ಅವರ ಹೆಸರಿನೊಳಗೇ ಉಳಿದಿದೆ. ಅವರ ಬಡತನಕ್ಕೆ ಮರುಗಿ ಬಸವಣ್ಣನವರು ಗುಪ್ತವಾಗಿ ಮನೆಯಲ್ಲಿ ಹೊನ್ನನ್ನಿರಿಸಿದಾಗ, ಅದು ತನ್ನ ಕಾಯಕಕ್ಕೆ ಬಂದ ಕುಂದೆಂದು ಮಾರಯ್ಯನವರು ನೊಂದರಂತೆ. ಕಟ್ಟಿಗೆ ಮಾರುವವನು ಕನಿಕರಕ್ಕೆ ಪಾತ್ರನಲ್ಲ ಎಂಬುದೇ ಆ ಕಥೆಯ ತಿರುಳು.

ಇದರ ಪಕ್ಕದಲ್ಲಿಯೇ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನಿಟ್ಟು ನೋಡಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಪತಿ ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಹಾಕಿ ಬರುವಂತೆ ಆ ತಾಯಿ ಹೇಳಿದರು. ಆಯುವುದಕ್ಕೂ ಒಂದು ಮಿತಿಯುಂಟು; ಆ ಮಿತಿಯನ್ನು ಗೊತ್ತುಮಾಡಿದವರು ಪಾರುಪತ್ಯಗಾರರಲ್ಲ, ಆಯುವ ಮನೆಯವರೇ.

ಈ ಎರಡು ಪ್ರಸಂಗಗಳನ್ನು ಈಗ ನೆನೆಯಲು ಕಾರಣವಿದೆ. 2025ರ ಜನವರಿಯಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಆ ನಗರದಲ್ಲಿ ಸೌದೆ, ಇದ್ದಿಲು ಉರಿಸುವ ಬೇಕರಿಗಳೂ ಹೋಟೆಲುಗಳೂ ಆರು ತಿಂಗಳೊಳಗೆ ಅನಿಲವೇ ಮೊದಲಾದ ಹೊಗೆ ಕಡಿಮೆಯ ಇಂಧನಕ್ಕೆ ಬದಲಾಗಬೇಕೆಂದು ಆಜ್ಞಾಪಿಸಿತು. ದೆಹಲಿಯಲ್ಲಿ ಗಾಳಿ ಕೆಟ್ಟ ದಿನಗಳಲ್ಲಿ ಹೋಟೆಲುಗಳ ತಂದೂರಿಗೆ ಸೌದೆ, ಕಲ್ಲಿದ್ದಲು ಹಾಕದಂತೆ ನಿರ್ಬಂಧವಿದೆ. ಮುಂಬಯಿಯ ಆಜ್ಞೆ ನಮ್ಮ ನಾಡಿಗೆ ಅನ್ವಯಿಸುವುದಲ್ಲ. ಆದರೂ ಭಕ್ತರಲ್ಲಿ ಆತಂಕ ಕಾಣುತ್ತಿದೆ. ಇಂದು ಬೇಕರಿಯ ಗೂಡು, ನಾಳೆ ಮಠದ ಒಲೆಯಲ್ಲವೆ, ಇದು ಸಂಪ್ರದಾಯದ ಮೇಲಿನ ಕೈ ಅಲ್ಲವೆ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಹೇಳುವ ಮುನ್ನ ಸೌದೆಯ ಮೇಲೆ ಹಿಂದೆ ಬಂದ ಕಾಯಿದೆಗಳನ್ನು ಅವಲೋಕಿಸುವುದು ಒಳ್ಳೆಯದು. ಏಕೆಂದರೆ ಸೌದೆಗೆ ಸಂಬಂಧಿಸಿದ ಕಾಯಿದೆ ಎರಡು ಬಗೆಯದು: ಮರವನ್ನು ಕುರಿತದ್ದೊಂದು, ಹೊಗೆಯನ್ನು ಕುರಿತದ್ದೊಂದು. ಇವೆರಡನ್ನೂ ಕಲಸಿಬಿಟ್ಟರೆ ನ್ಯಾಯವಾದ ದೂರು ಯಾವುದು, ಬರಿಯ ಹಟ ಯಾವುದು ಎಂಬುದು ತಿಳಿಯದೆ ಹೋಗುತ್ತದೆ.

ಮರದ ಕಾಯಿದೆ ಹಳೆಯದು. ಬ್ರಿಟಿಷ್ ಇಂಡಿಯಾದಲ್ಲಿ 1865ರಲ್ಲಿ ಮೊದಲ ಅರಣ್ಯ ಕಾಯಿದೆಯೂ 1878ರಲ್ಲಿ ಅದಕ್ಕಿಂತ ಬಿಗಿಯಾದ ಎರಡನೆಯದೂ ಬಂದವು. ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತಷ್ಟೆ. ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತದಲ್ಲಿದ್ದುದರಿಂದ 1878ರ ಕಾಯಿದೆಗೆ ಒಳಪಟ್ಟವು. ಬಳ್ಳಾರಿ, ದಕ್ಷಿಣ ಕನ್ನಡಗಳಿಗೆ 1882ರ ಮದರಾಸು ಅರಣ್ಯ ಕಾಯಿದೆ ಬಂತು. ಮೈಸೂರು ಸಂಸ್ಥಾನದಲ್ಲಿ 1864ರಲ್ಲಿಯೇ ಅರಣ್ಯ ಇಲಾಖೆ ಏರ್ಪಟ್ಟಿತ್ತು. 1900ರಲ್ಲಿ ಅರಣ್ಯ ರೆಗ್ಯುಲೇಷನ್ ಜಾರಿಗೆ ಬಂತು. ಏಕೀಕರಣದ ನಂತರ ರಚಿತವಾದುದು 1963ರ ಕರ್ನಾಟಕ ಅರಣ್ಯ ಅಧಿನಿಯಮ. 1878ರ ಕಾಯಿದೆಯಂತೆ ‘ರಿಜರ್ವ್’ ಆದ ಕಾಡಿನಲ್ಲಿ ಸರಕಾರ ಅನುಮತಿಸದಿದ್ದುದೆಲ್ಲವೂ ನಿಷಿದ್ಧ. ಮರವಷ್ಟೇ ಅಲ್ಲ, ಕಾಡಿನಲ್ಲಿರುವ ಎಲೆ, ಹೂ, ಹಣ್ಣುಗಳೂ ‘ಅರಣ್ಯೋತ್ಪನ್ನ’. ಕೆಲವೆಡೆ ಒಣಸೌದೆಯ ತಲೆಹೊರೆಗೆ ರಿಯಾಯಿತಿ ಉಳಿಯಿತೆಂಬುದು ನಿಜ. ಆದರೆ ಹಕ್ಕಾಗಿದ್ದುದು ರಿಯಾಯಿತಿಯಾಯಿತೆಂಬುದು ಸಣ್ಣ ಮಾತಲ್ಲ. ರಿಯಾಯಿತಿ ಕೊಟ್ಟ ಕೈ ಅದನ್ನು ಹಿಂದಕ್ಕೂ ತೆಗೆದುಕೊಳ್ಳಬಲ್ಲದು. ಮಾರಯ್ಯನವರು ಆ ಕಾಲದಲ್ಲಿ ಜೀವಿಸಿದ್ದರೆ ಅವರ ಕಾಯಕ ಗಾರ್ಡಿನ ದಯೆಯ ಮೇಲೆ ನಡೆಯಬೇಕಾಗುತ್ತಿತ್ತು.

ತಲೆಹೊರೆಯನ್ನು ಇಷ್ಟು ಬಿಗಿಹಿಡಿದದ್ದರಿಂದ ಕಾಡು ಉಳಿಯಿತೆ? ಮೈಸೂರು ಸೀಮೆಯ ರೈಲುಬಂಡಿಗಳು ಮೊದಮೊದಲು ಸೌದೆಯನ್ನೂ ಉರಿಸುತ್ತಿದ್ದವು. ಭದ್ರಾವತಿಯಲ್ಲಿ 1923ರಲ್ಲಿ ಹೊತ್ತಿಕೊಂಡ ಕಬ್ಬಿಣದ ಕುಲುಮೆ ಕಲ್ಲಿದ್ದಲಿನದಲ್ಲ, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನದು. ಆ ಕಾರಖಾನೆ ನಾಡಿಗೆ ಕೊಟ್ಟ ಉದ್ಯೋಗವನ್ನೂ ಹೆಮ್ಮೆಯನ್ನೂ ನಾನು ಅಲ್ಲಗಳೆಯುವುದಿಲ್ಲ. ಒಂದೇ ಕಾಡು ಕುಲುಮೆಗೆ ಬಾಗಿಲು ತೆರೆದು ಪುಳ್ಳೆ ಆಯುವವಳಿಗೆ ಮುಚ್ಚಿತೆಂಬುದನ್ನು ಮಾತ್ರ ಬರೆದಿಡುತ್ತೇನೆ. ಮುಂದೆ ಬೆಂಗಳೂರಿನ ವಿಜ್ಞಾನ ಮಂದಿರದ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಒಲೆ ಒಲೆಗೂ ಹೋಗಿ ಲೆಕ್ಕ ಹಾಕಿದರು. ಹಳ್ಳಿಯವರು ಉರಿಸುವುದು ಬಹುಪಾಲು ಆಯ್ದು ತಂದ ಕಡ್ಡಿ, ಒಣರೆಂಬೆಗಳನ್ನೇ ಹೊರತು ಕಡಿದುರುಳಿಸಿದ ಮರಗಳನ್ನಲ್ಲ ಎಂಬುದು ಅವರಿಗೆ ಕಂಡಿತು. ಬೆಂಗಳೂರಿನ ಸೌದೆಯನ್ನು ಕುರಿತ ಅವರ 1983ರ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು: ನಗರದ ಸೌದೆ ಡಿಪೋಗಳಿಗೆ ಬರುವುದು ಲಾರಿಗಳ ಮೇಲೆ, ಕಡಿದ ದಿಮ್ಮಿಗಳಾಗಿ. ಆಯುವುದಕ್ಕೂ ಕಡಿಯುವುದಕ್ಕೂ ಇರುವ ಅಂತರವನ್ನು ಲಕ್ಕಮ್ಮನವರು ಬಲ್ಲವರಾಗಿದ್ದರು. ಕಾಯಿದೆ ಬರೆದವರಿಗೆ ಅದು ಹೊಳೆಯಲಿಲ್ಲ. ಈ ದೂರು ನ್ಯಾಯವಾದುದು.

ಹೊಗೆಯ ಮಾತು ಬೇರೆ. ಹಳ್ಳಿಯ ಅಡುಗೆಮನೆಯ ಹೊಗೆಯನ್ನು ಅಳೆಯುವ ಕೆಲಸ ನಮ್ಮ ದೇಶದಲ್ಲಿ 1980ರ ಸುಮಾರಿನಲ್ಲಿ ಮೊದಲಾಯಿತು. ಒಲೆಯ ಮುಂದೆ ಕುಳಿತ ಹೆಂಗಸಿನ ಶ್ವಾಸಕೋಶಕ್ಕೂ ಅವಳ ಮಡಿಲ ಕೂಸಿಗೂ ಅದು ಮಾಡುವ ಕೇಡು ಇಂದು ಸಂದೇಹಕ್ಕೆಡೆಯಿಲ್ಲದ ವಿಷಯ. ವಿಜ್ಞಾನ ಮಂದಿರದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಗೆ ಮೂರು ಬಾಯಿ, ಮೇಲೊಂದು ಹೊಗೆಕೊಳವೆ. ನಮ್ಮ ಅಜ್ಜಿಯರ ಕೋಡೊಲೆಯಲ್ಲಿಯೂ ಮಿಕ್ಕ ಉರಿ ಪಕ್ಕದ ಬಾಯಿಗೆ ಹೋಗಿ ನೀರು ಕಾಯುತ್ತಿತ್ತಲ್ಲವೆ? ಅದೇ ವಿವೇಕವನ್ನು ಲೆಕ್ಕಾಚಾರದಿಂದ ಮುಂದುವರಿಸಿದ್ದು ಇದು. 1983ರ ಕೊನೆಯಲ್ಲಿ ಕೇಂದ್ರ ಸರಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2002ರಲ್ಲಿ ಅದು ನಿಂತಿತು. ಒಲೆ ಕಟ್ಟಿಕೊಟ್ಟವರು ಕೊಳವೆ ಬಿರಿದಾಗ ಬರಲಿಲ್ಲ. 2016ರಲ್ಲಿ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಅನಿಲ ಬಂತು. ಮರಳಿ ತುಂಬಿಸಲು ಹಣವಿಲ್ಲದ ಮನೆಗಳಲ್ಲಿ ಮಾತ್ರ ಸಿಲಿಂಡರು ಮೂಲೆ ಸೇರಿ ಒಲೆ ಮತ್ತೆ ಹೊತ್ತಿತು.

ಇನ್ನು ಸಂಪ್ರದಾಯದ ಪ್ರಶ್ನೆ. ಸೌದೆಯ ಬೆಂಕಿಯೇ ಪವಿತ್ರವೆಂಬ ಮಾತಿಗೆ ವಚನಗಳಲ್ಲಿ ನನಗೆ ಆಧಾರ ಕಂಡಿಲ್ಲ. ಅಗ್ನಿಯನ್ನು ದೈವವೆಂದು ಪೂಜಿಸುವುದನ್ನು ಶರಣರು ಟೀಕಿಸಿದರೆಂಬುದಂತೂ ಸರ್ವವಿದಿತ. ಪ್ರಸಾದ ಪ್ರಸಾದವಾಗುವುದು ಅರ್ಪಣೆಯಿಂದ, ಇಂಧನದಿಂದಲ್ಲ. ಸಿದ್ಧಗಂಗೆಯಲ್ಲಿ ಅಟವೀ ಶಿವಯೋಗಿಗಳು ಹೊತ್ತಿಸಿದ ಒಲೆ ಇಂದಿಗೂ ಆರಿಲ್ಲವೆಂಬ ನಂಬಿಕೆ ಭಕ್ತರಲ್ಲಿದೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ದೀರ್ಘಕಾಲದ ದಾಸೋಹವನ್ನು ಕಂಡವರಿಗೆ ಆ ಮಾತಿನ ಅರ್ಥ ತಿಳಿಯದಿರದು. ಆರದೆ ಉಳಿದುದು ಹಸಿದು ಬಂದವನಿಗೆ ಎಲೆ ಹಾಕುವ ವ್ರತ. ಅದನ್ನು ಹೊಗೆಯೊಡನೆ ಗಂಟುಹಾಕಿ ವಾದಿಸುವವರು ದಾಸೋಹವನ್ನೇ ಕಿರಿದುಗೊಳಿಸುತ್ತಾರೆ.

ಆದುದರಿಂದ ಹೊಗೆಯ ಕಾಯಿದೆ ಬಂದರೆ ಮಠಗಳು ಅದಕ್ಕೆ ಅಡ್ಡ ನಿಲ್ಲಬಾರದು; ಹಬೆಯಲ್ಲಿ ಬೇಯಿಸುವ ದೊಡ್ಡ ಪಾತ್ರೆಗಳೋ, ಕೊಳವೆಯುಳ್ಳ ಒಲೆಯೋ, ಅನಿಲವೋ, ಶಕ್ತಿಯಿದ್ದಷ್ಟು ಆಜ್ಞೆಗೆ ಮುಂಚೆಯೇ ಮಾಡಿಕೊಳ್ಳಬೇಕು. ಆದರೆ ಬೀದಿಯ ಬದಿ ಮೂರು ಕಲ್ಲಿನ ಮೇಲೆ ಅನ್ನ ಬೇಯಿಸಿ ಮಾರುವ ಮುದುಕಿಗೆ ಇಂಧನವನ್ನು ಕೊಡದೆ ದಂಡದ ಚೀಟಿಯನ್ನಷ್ಟೇ ಕೊಡುವುದಾದರೆ ಅದು 1878ರ ಕಾಯಿದೆಯ ತಂಗಿಯೇ ಸರಿ. ಅಲ್ಲಿ ಮಠಗಳು ಮಾತಾಡಬೇಕು.

ನಾನೂ ಒಂದು ಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದವನು. ಸೌದೆ ಸೀಳುವುದು, ಹೊರುವುದು ಹುಡುಗರ ಸರದಿ. ಶ್ರಾವಣದಲ್ಲಿ ಸೌದೆ ನೆನೆದಿರುತ್ತಿತ್ತು. ಕೊಪ್ಪರಿಗೆಯ ಕೆಳಗೆ ಊದುಗೊಳವೆ ಹಿಡಿದು ಕುಳಿತ ಅಡುಗೆಯ ಅಜ್ಜನ ಕಣ್ಣು ಕೆಂಡದಂತಿರುತ್ತಿತ್ತು. ಅವರ ಕೆಮ್ಮು ನಮ್ಮ ಬೆಳಗಿನ ಪ್ರಾರ್ಥನೆಯ ನಡುವೆಯೂ ಕೇಳುತ್ತಿತ್ತು. ಅದನ್ನು ನಾವು ಕಾಯಕನಿಷ್ಠೆಯೆಂದು ಹೊಗಳುತ್ತಿದ್ದೆವು. ಸೌದೆಯನ್ನು ಬಾಗಿಲ ಬಳಿ ಒಗೆದು ಓಡಿಬರುತ್ತಿದ್ದೆವೇ ಹೊರತು ಒಳಗೆ ಹೋಗಿ ಒಂದು ಗಳಿಗೆ ಕುಳಿತವರು ನಮ್ಮಲ್ಲಿ ಯಾರೂ ಇರಲಿಲ್ಲ. ಹೊಗೆ ಹೋಗಲೆಂದು ಆ ಅಡುಗೆಮನೆಗೆ ಇದ್ದುದು ಮಾಡಿನ ಕೆಳಗೆ ಎರಡು ಇಟ್ಟಿಗೆ ತೆಗೆದು ಮಾಡಿದ ಒಂದು ಕಿಂಡಿ.