ಮರೆತ ಜಾಡಿಯ ಹೆಪ್ಪು

ಕಳೆದ ಬೇಸಗೆಯಲ್ಲಿ ನೆರೆಮನೆಯ ತಾಯಿಯೊಬ್ಬರು ಒಂದು ದೊಡ್ಡ ಗಾಜಿನ ಜಾಡಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. “ಮೇಷ್ಟ್ರೇ, ಇದು ನಮ್ಮ ಯಜಮಾನರದು. ಅವರು ಹೋದಮೇಲೆ ಯಾರೂ ಮುಟ್ಟಿಲ್ಲ. ಚೆಲ್ಲೋದಕ್ಕೆ ಕೈ ಬರೋಲ್ಲ, ನೀವೇ ಏನಾದರೂ ಮಾಡಿ” ಎಂದರು. ಆ ಯಜಮಾನರು 1980ರ ದಶಕದಲ್ಲಿ ಮಾಸ್ಕೋದಲ್ಲಿ ಓದಿ ಬಂದವರು. ಅಲ್ಲಿ ರುಚಿ ಹತ್ತಿದ ಹುಳಿಚಹಾವನ್ನು ಇಲ್ಲಿಯೂ ಬಿಡದೆ ಮಾಡಿಕೊಳ್ಳುತ್ತಿದ್ದರು. ಈಗ ಅಂಗಡಿಗಳಲ್ಲಿ ಕೊಂಬುಚಾ ಎಂದು ಮಾರುವುದು ಇದನ್ನೇ. ಬಟ್ಟೆ ಸರಿಸಿ ನೋಡಿದೆ. ದ್ರವವು ಅರ್ಧಕ್ಕಿಳಿದು ಕಪ್ಪಾಗಿತ್ತು. ಮೇಲೆ ತೊಗಲಿನಂಥ ದಪ್ಪ ಪದರ.

ಹೆಸರಿನಿಂದ ಹೊರಡುವುದು ಭಾಷೆಯ ಮೇಷ್ಟರ ಚಾಳಿಯಷ್ಟೆ. ಜಪಾನೀ ಭಾಷೆಯಲ್ಲಿ ‘ಕೊಂಬು’ ಎಂದರೆ ಒಂದು ಬಗೆಯ ಕಡಲಪಾಚಿ, ‘ಕೊಂಬುಚಾ’ ಎಂದರೆ ಅದರಿಂದಾದ ಪೇಯ. ಹುಳಿಚಹಾವನ್ನು ಅವರು ‘ಕೋಚಾ ಕಿನೊಕೊ’, ಎಂದರೆ ಚಹಾದ ಅಣಬೆ, ಎನ್ನುತ್ತಾರೆ. ರಷ್ಯನ್ನರ ‘ಚಾಯ್ನಿ ಗ್ರಿಬ್’ ಎಂಬುದಕ್ಕೂ ಅದೇ ಅರ್ಥ. ವಾಸ್ತವದಲ್ಲಿ ಅದು ಅಣಬೆಯೂ ಅಲ್ಲ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಾಗಿಸುತ್ತವೆ. ಇಂಥ ಬ್ಯಾಕ್ಟೀರಿಯಾ ನೇಯುವ ಪದರವು ಸೆಲ್ಯುಲೋಸಿನದೆಂದು 1886ರಲ್ಲಿ ಇಂಗ್ಲೆಂಡಿನ ಏಡ್ರಿಯನ್ ಬ್ರೌನ್ ತೋರಿಸಿಕೊಟ್ಟ. 1913ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಗುಸ್ಟಾವ್ ಲಿಂಡಾವ್ ಈ ಚಹಾ ಅಣಬೆಗೆ ‘ಮೆಡುಸೊಮೈಸಿಸ್’ ಎಂಬ ಶಾಸ್ತ್ರೀಯ ನಾಮವನ್ನಿಟ್ಟ.

ಇದಕ್ಕೆ ಎರಡು ಸಾವಿರ ವರ್ಷದ ಹಳಮೆಯನ್ನು ಹೊರಿಸುವವರುಂಟು. ಚೀನದ ಚಕ್ರವರ್ತಿ ಇದನ್ನು ಕುಡಿದನಂತೆ. 414ರಲ್ಲಿ ಕೊರಿಯದ ವೈದ್ಯನೊಬ್ಬ ಜಪಾನಿನ ದೊರೆಗೆ ಕೊಟ್ಟನಂತೆ. ಕಥೆಗಳು ಸೊಗಸಾಗಿವೆ, ಆಧಾರ ಮಾತ್ರ ತೀರ ತೆಳು. ಇತಿಹಾಸಕ್ಕೆ ಗಟ್ಟಿಯಾಗಿ ಕಾಣುವುದು ಅರಮನೆಯಲ್ಲ, ಸೋವಿಯತ್ ಮನೆಗಳ ಅಡಿಗೆಮನೆ. ಮೂರು ಲೀಟರಿನ ಜಾಡಿ, ಬಾಯಿಗೆ ತೆಳುಬಟ್ಟೆ, ಕಿಟಕಿಯ ಕಟ್ಟೆಯಲ್ಲಿ ಜಾಗ. ಪದರವನ್ನು ಯಾರೂ ಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಪಕ್ಕದ ಮನೆಯಿಂದ ಮೊಸರಿನ ಹೆಪ್ಪು ತರುವಂತೆ ಕೇಳಿ ತರುತ್ತಿದ್ದರು. 1991ರಲ್ಲಿ ಆ ಒಕ್ಕೂಟ ಒಡೆಯಿತು, ಬಾಟಲಿ ಪಾನೀಯಗಳು ತುಂಬಿಕೊಂಡವು, ಎಷ್ಟೋ ಕಿಟಕಿಗಳಿಂದ ಜಾಡಿಗಳು ಇಳಿದವು. 1995ರಲ್ಲಿ ಕ್ಯಾಲಿಫೋರ್ನಿಯದ ಜಿ. ಟಿ. ಡೇವ್ ಎಂಬ ತರುಣ ಅದನ್ನೇ ಬಾಟಲಿಗೆ ತುಂಬಿ ಮಾರತೊಡಗಿದ. 2018ರಲ್ಲಿ ಕೋಕಾ-ಕೋಲಾ ಕಂಪನಿಯೇ ಆಸ್ಟ್ರೇಲಿಯದ ಒಂದು ಕೊಂಬುಚಾ ಉದ್ಯಮವನ್ನು ಕೊಂಡಿತು. ಕೈಯಿಂದ ಕೈಗೆ ಪುಕ್ಕಟೆ ನಡೆದ ವಸ್ತುವಿಗೆ ಬೆಲೆಚೀಟಿ ಬಿತ್ತು.

ಇನ್ನು ನನ್ನ ಮೇಜಿನ ಜಾಡಿ. ಮೊದಲು ನೋಡತಕ್ಕದ್ದು ಬೂಷ್ಟು. ಹಸಿರು, ಕಪ್ಪು, ಬಿಳಿ ನವಿರು ಒಂದಿಷ್ಟು ಕಂಡರೂ ಸಮಸ್ತವನ್ನೂ ಚೆಲ್ಲಬೇಕು. ಅಲ್ಲಿ ಮಮತೆ ಕೂಡದು. ನನ್ನ ಭಾಗ್ಯಕ್ಕೆ ಅದಿರಲಿಲ್ಲ. ಯಾರೂ ಕಾಯದ ತಿಂಗಳುಗಳಲ್ಲಿ ಅದರ ಹುಳಿಯೇ ಅದನ್ನು ಕಾದಿತ್ತು. ಜನ ಪದರವನ್ನೇ ಪ್ರಾಣವೆಂದು ತಿಳಿಯುತ್ತಾರೆ. ನಿಜವಾದ ಹೆಪ್ಪು ಇರುವುದು ಕೆಳಗಿನ ಹುಳಿನೀರಿನಲ್ಲಿ. ತೊಗಲಾದ ಪದರವನ್ನು ಎಸೆದು, ಗಷ್ಟು ಸೋಸಿ, ಒಂದು ಲೋಟ ಕಪ್ಪುದ್ರವ ಉಳಿಸಿಕೊಂಡೆ. ಒಂದು ಲೀಟರು ಹಾಲಿಲ್ಲದ ಚಹಾ ಕಾಸಿ, 80 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದಮೇಲೆ ಬೆರೆಸಿ ಬಟ್ಟೆ ಕಟ್ಟಿದೆ. ಒಂದು ವಾರ ಏನೂ ಇಲ್ಲ. ಹತ್ತನೆಯ ದಿನ ಹಾಲಿನ ಕೆನೆಯಂಥ ತೆಳುಪದರ ಮೇಲೆ ತೇಲಿತ್ತು. ಮೊದಲೆರಡು ಸಲದ ಚಹಾ ಬಾಯಿಗಿಡಲಾಗದಷ್ಟು ಒಗರು; ಚೆಲ್ಲಿದೆ. ಮೂರನೆಯದು ಹದವಾಗಿ ಬಂದಿತು.

ಜಾಡಿಯನ್ನು ಹಿಂದಿರುಗಿಸಲು ಹೋದಾಗ ಆ ತಾಯಿ ಒಂದು ಗುಟುಕು ಕುಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಸಕ್ಕರೆ ಕಮ್ಮಿಯಾಯಿತು, ಮೇಷ್ಟ್ರೇ. ಅವರು ಇನ್ನೂ ಒಂದು ಹಿಡಿ ಹಾಕೋರು” ಎಂದರು. ಜಾಡಿಯನ್ನು ತಾವೇ ಎತ್ತಿಕೊಂಡು ಹೋಗಿ ಅಡಿಗೆಮನೆಯ ಕಿಟಕಿಯಲ್ಲಿಟ್ಟರು.